ತೊಗಲು ಹಾಸಿದ ಶಾಸನ

“ಏ ರಂಡೆ, ಕಲ್ಲಿನ ಮ್ಯಾಲಿಂದ ಕುಂಡಿ ಎತ್ತು. ಅದು ದೇವರು.”

ಹೀಗಂದವನು ಗುಡಿ ಕಮಿಟಿಯ ಅಧ್ಯಕ್ಷ ವಿರುಪಣ್ಣ. ಮೂವತ್ತು ವರ್ಷದಿಂದ ಆ ಕಲ್ಲಿನ ಮೇಲೆ ಬಟ್ಟೆ ಒಗೆದಿದ್ದೇನೆ. ಒಂದು ದಿನವೂ ಅವನ ಕಣ್ಣಿಗೆ ಅದು ದೇವರಾಗಿ ಕಂಡಿರಲಿಲ್ಲ. ಈಗ ನಮ್ಮ ಮಾದಿಗರ ಓಣಿಗೆ ಕ್ರೇನು ತಂದಿದ್ದಾನೆ, ಕುಂಕುಮದ ತಟ್ಟೆ ಹಿಡಿದ ಪೂಜಾರಿಯನ್ನೂ ತಂದಿದ್ದಾನೆ.

“ಇದು ಯಾವಾಗ ದೇವರು ಆತ್ರಿ?” ಅಂದೆ.

“ನಿನ್ನ ಕೇಳಿ ಆಗಬೇಕೇನು? ತುರ್ಕರು ಗುಡಿ ಸುಟ್ಟಾಗ ನಮ್ಮ ಹಿರೇರು ಉಳಿಸಿದ ಕಲ್ಲು. ಗುಡಿಯೊಳಗ ನಿಲ್ಲಿಸಿ ಬೋರ್ಡು ಹಾಕ್ತೀವಿ.”

ಹಸಿ ಸುಳ್ಳು. ಹೋದ ತಿಂಗಳು ಹಳೆ ಶಾಸನ ಓದುವ ನೇತ್ರಾವತಿ ಮೇಡಂ ಬಂದು, ಒದ್ದೆ ಕಾಗದ ಅಂಟಿಸಿ, ಮಸಿ ಬಡಿದು, ಅಕ್ಷರ ಎಬ್ಬಿಸಿ ಓದಿ ಹೇಳಿದ್ದರು.

“ಸುಂಕಲಮ್ಮ, ಇದು ಆರುನೂರು ವರ್ಷದ ಶಾಸನ. ಎರಡು ದಂಡು ಕಾದಾಡಿ ಪ್ಯಾಟಿ ಸುಟ್ಟಾಗ ಗುಡಿ ದೀಪ ಆರಿತ್ತಂತ. ಕುದುರಿ ಮಾರೋ ಸಾಬರೂ, ಜೀನು ಹೊಲಿಯೋ ನಿಮ್ಮ ಹಿರೇರೂ ಕೂಡಿ ದೀಪಕ್ಕ ಎಣ್ಣಿ ಕೊಟ್ಟಾರ. ಅದಕ್ಕ ಈ ಕಲ್ಲಿನಿಂದ ಹಳ್ಳದತನಕ ಜಾಗ ನಿಮ್ಮ ಮಂದಿಗೆ ಬಿಟ್ಟಾರ. ಇದ್ದಲ್ಲೇ ಇದ್ರ ಇದು ಗಡಿಕಲ್ಲು. ಸರಿಸಿದ್ರ ಬರೇ ಕಲ್ಲು.”

ಮೇಲಿನ ನಾಲ್ಕು ಸಾಲು ಸವೆದಿತ್ತು. ಸವೆಸಿದವಳು ನಾನೇ, ಬಟ್ಟೆ ಕುಕ್ಕಿ ಕುಕ್ಕಿ. ನಮ್ಮ ಇಪ್ಪತ್ತೆರಡು ಮನೆ ಗುಡಿಯ ಜಾಗದಲ್ಲಿವೆ, ಕೀಳಿಸಬೇಕು ಎಂದು ಕಮಿಟಿ ಅರ್ಜಿ ಹಾಕಿದೆ. ಸೋಮವಾರ ತಹಶೀಲ್ದಾರರು ಕಲ್ಲು ನೋಡಲು ಬರುವವರಿದ್ದಾರೆ. ಇವತ್ತು ಶನಿವಾರ.

ಕ್ರೇನಿನ ಯಮನೂರಸಾಬ ಸರಪಳಿ ಹಿಡಿದು ಇಳಿದ. ಪೂಜಾರಿ ಕೈ ಅಡ್ಡ ಹಿಡಿದರು.

“ನೀ ಮುಟ್ಟಬ್ಯಾಡಪಾ, ಮಡಿ ಐತಿ. ಕುಂಕುಮ ಹಚ್ಚಿ ನಾವ ಸರಪಳಿ ಬಿಗೀತೀವಿ.”

ಕುಂಕುಮ ಬಿತ್ತೆಂದರೆ ಮುಗಿಯಿತು. ಆಮೇಲೆ ನಾವು ಕೈ ಹಚ್ಚಿದರೆ ಊರೇ ಎದ್ದು ಹೊಡೆಯುತ್ತದೆ. ಗುಡಿಯೊಳಗೆ ಹೋಗಿ ಅಕ್ಷರ ತೋರಿಸೋಣವೆಂದರೆ ನಮ್ಮನ್ನು ಹೊಸ್ತಿಲು ದಾಟಿಸುವವರು ಯಾರು?

ಹಿತ್ತಲಿಗೆ ಓಡಿದೆ. ಬಾರಿಸುವ ಹಲಗೆಗೆ ಕಟ್ಟಲೆಂದು ಗಂಡ ದುರಗೇಶ ಸುಣ್ಣದ ಬಾನಿಯಲ್ಲಿ ಸತ್ತ ಎಮ್ಮೆಯ ತೊಗಲು ನೆನೆಹಾಕಿದ್ದ. ನಾಲ್ಕು ದಿನದ್ದು, ಗಬ್ಬು ನಾರುತ್ತಿತ್ತು. ದರದರ ಎಳೆದು ತಂದು ಕಲ್ಲಿನ ಮೇಲೆ ಉದ್ದಕ್ಕೂ ಹಾಸಿದೆ. ಸುಣ್ಣದ ನೀರು ಅಕ್ಷರಗಳ ಮೇಲೆ ಹರಿಯಿತು.

ಪೂಜಾರಿ ತಟ್ಟೆ ತಲೆಯ ಮೇಲೆತ್ತಿಕೊಂಡು ಹಿಂದೆ ಹಾರಿದರು. “ಶಿವ ಶಿವಾ, ಹೊಲಸು ಮಾಡಿದ್ಲು.”

“ಲೇ ಸಾಬ, ತಗಿ ಅದನ್ನ,” ವಿರುಪಣ್ಣ ಒದರಿದ.

“ಮುಟ್ಟಬ್ಯಾಡ ಅಂದಾರಲ್ರಿ ಅಯ್ಯಾರು,” ಎಂದ ಯಮನೂರಸಾಬ ಸರಪಳಿ ಸುತ್ತಿಟ್ಟು ಕ್ರೇನು ಹತ್ತಿದ.

ಗದ್ದಲ ಕೇಳಿ ಹೊರಗೆ ಬಂದಿದ್ದ ನನ್ನ ಗಂಡನ ಕಡೆ ವಿರುಪಣ್ಣ ತಿರುಗಿದ. “ದುರಗ್ಯಾ, ನಿನ್ನ ಹೇಣ್ತಿಗೆ ಹೇಳಲೇ. ಇಲ್ಲಂದ್ರ ತೊಗಲಿಗೂ ಬೆಂಕಿ ಹಚ್ತೀನಿ, ಮನಿಗೂ ಹಚ್ತೀನಿ.”

ದುರಗೇಶ ನನ್ನ ಕಡೆ ನೋಡಿದ. ಹಿತ್ತಲಿಗೆ ಹೋಗಿ ಎರಡನೆಯ ತೊಗಲು ಹೊತ್ತು ತಂದ.

ನನಗೆ ಹೆದರಿಕೆಯಾಗಿತ್ತು. ಆದರೂ ಆ ಹಸಿ ತೊಗಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಸುಣ್ಣ ತೊಡೆಯನ್ನು ಸುಡತೊಡಗಿತು.

“ಬಾ ವಿರುಪಣ್ಣ,” ಅಂದೆ. “ಸೋಮವಾರತನಕ ಇಲ್ಲೇ ಕುಂತಿರ್ತೀನಿ. ಮುಟ್ಟಿ ಎಬ್ಬಸು.”