ಅರ್ಧ ಗೆರೆ

ತಂಗಿಯ ಡಾಕ್ಟರೇಟ್ ಪ್ರಬಂಧದಲ್ಲಿ ಅಕ್ಷರದೋಷ ಹುಡುಕಿಕೊಡಲು ಕೂತ ಅಕ್ಕನಿಗೆ ಇಪ್ಪತ್ತೆರಡನೇ ಪುಟದಲ್ಲಿ ಸಿಕ್ಕಿದ್ದು ತನ್ನದೇ ತಪ್ಪು. ಅದು ಮಂಗಳವಾರ ಮಧ್ಯಾಹ್ನ. ಗಣಿತ ವಿಭಾಗದ ಮೂರನೇ ಮಹಡಿಯ ತನ್ನ ಕೋಣೆಯಲ್ಲಿ, ಕೆಂಪು ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿಕೊಂಡು ಓದುತ್ತಿದ್ದವಳು ಅದನ್ನು ಕಚ್ಚಿಕೊಂಡೇ ಉಳಿದಳು.

ಅಕ್ಕ ತಂಗಿ ಇಬ್ಬರದೂ ಒಂದೇ ವಿದ್ಯೆ, ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಮಾತ್ರ ತಲೆಗೂದಲು ಉದುರಬೇಕು. ಕಾಗದದ ಮೇಲೆ ಒಂದಷ್ಟು ಚುಕ್ಕಿ ಇಟ್ಟು, ಕೆಲವಕ್ಕೆ ಗೆರೆ ಎಳೆಯಿರಿ. ಅದೇ ಗ್ರಾಫ್. ಅದರಿಂದ ಲ್ಯಾಪ್ಲಾಸಿಯನ್ ಎಂಬ ಕೋಷ್ಟಕ ಹುಟ್ಟುತ್ತದೆ, ಕೋಷ್ಟಕದಿಂದ ಐಗೆನ್ ಮೌಲ್ಯಗಳೆಂಬ ಸಂಖ್ಯೆಗಳ ಸಾಲು. ಆ ಸಾಲಿನ ದೊಡ್ಡ ದೊಡ್ಡ ಸಂಖ್ಯೆಗಳನ್ನು ಕೂಡಿದರೆ ಮೊತ್ತ ಎಷ್ಟರವರೆಗೆ ಏರೀತು? ಗೆರೆಗಳ ಲೆಕ್ಕವನ್ನು ಸ್ವಲ್ಪ ಮಾತ್ರ ಮೀರೀತು ಎಂದು ಇವರ ನಂಬಿಕೆ: ಒಂದೇ ಸಂಖ್ಯೆ ತೆಗೆದುಕೊಂಡರೆ ಮೀರುವುದು ಹೆಚ್ಚೆಂದರೆ ಒಂದು, ಎರಡನ್ನು ಕೂಡಿದರೆ ಮೂರು, ಮೂರನ್ನು ಕೂಡಿದರೆ ಆರು, ಹೀಗೆ. ಎಲ್ಲ ಗ್ರಾಫ್‌ಗಳಿಗೂ ಅದನ್ನು ಸಾಧಿಸುವುದು ಇವರ ಕೈಗೆ ನಿಲುಕಿರಲಿಲ್ಲ. ಒಂದು ಜಾತಿಯ ಗ್ರಾಫ್‌ಗಳಿಗಾದರೂ ಸಾಧಿಸಿದ್ದೇನೆ ಎನ್ನುವುದೇ ತಂಗಿಯ ಪ್ರಬಂಧ.

ಅದಕ್ಕೆ ಅಡಿಪಾಯ ಅಕ್ಕನ ಒಂಬತ್ತು ವರ್ಷ ಹಳೆಯ ಲೇಖನ. ಆ ಜಾತಿಯ ಗ್ರಾಫ್‌ನಲ್ಲಿ, ಅಳಿಸಿದರೆ ಮೊತ್ತ ಒಂದಕ್ಕಿಂತ ಹೆಚ್ಚು ಇಳಿಯದಂಥ ಗೆರೆ ಒಂದಾದರೂ ಇದ್ದೇ ಇರುತ್ತದೆ ಎಂದು ಅವಳು ಸಾಧಿಸಿದ್ದಳು. ಕೂಡುವ ಕೊನೆಯ ಸಂಖ್ಯೆಯೂ ಬಿಟ್ಟುಬಿಡುವ ಮೊದಲ ಸಂಖ್ಯೆಯೂ ಸಮನಾಗಿದ್ದರೆ ವಾದ ನಡೆಯುವುದಿಲ್ಲ. ಅದಕ್ಕೊಂದು ಉಪಾಯ ಬರೆದಿದ್ದಳು: ಒಂದು ಗೆರೆಯ ತೂಕವನ್ನು ಕೂದಲೆಳೆಯಷ್ಟು ಕಡಿಮೆ ಮಾಡಿ, ಎರಡೂ ಬೇರೆಯಾಗುತ್ತವೆ. ಬೇರೆ ಕಡೆ ಎಲ್ಲರೂ ಮಾಡುವ ಉಪಾಯವೇ ಅದು, ಕೈ ತಾನೇ ಬರೆದುಬಿಡುತ್ತದೆ. ಆದರೆ ಇಲ್ಲಿ ಗೆರೆಗಳನ್ನು ಎಣಿಸಬೇಕು. ಗೆರೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಮುಕ್ಕಾದ ಗೆರೆಯನ್ನು ಯಾವ ಲೆಕ್ಕಕ್ಕೆ ಸೇರಿಸುವುದು?

ಮೂವತ್ತೊಂದು ಲೇಖನಗಳು ಅವಳ ಆ ಲೇಖನವನ್ನು ಆಧಾರ ಮಾಡಿಕೊಂಡಿದ್ದವು. ಈ ತಪ್ಪನ್ನು ಯಾರೂ ನೋಡಿರಲಿಲ್ಲ. ಅವಳಿಗೆ ಬಡ್ತಿ, ಈ ಕಿಟಕಿ ಇರುವ ಕೋಣೆ, ಎಲ್ಲ ಬಂದದ್ದು ಅದರಿಂದಲೇ.

ಬುಧವಾರ ಬೆಳಿಗ್ಗೆ ತಂಗಿ ಬಾಗಿಲಲ್ಲಿ ಇಣುಕಿದಳು. "ಎಷ್ಟು ತಪ್ಪು ಸಿಕ್ತು?"

"ಹನ್ನೊಂದು. ಎಲ್ಲಾ ಅಕ್ಷರದ್ದೇ."

"ಅಷ್ಟೇನಾ? ಹಾಗಾದ್ರೆ ಪರೀಕ್ಷಕರಿಗೆ ಕಳಿಸಿಬಿಡ್ಲಾ?"

ಅಕ್ಕನ ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಎರಡು ದಿನ ಕೂತರೆ ಸರಿಮಾಡಿಬಿಡುತ್ತೇನೆ, ಯಾರಿಗೂ ಗೊತ್ತಾಗಬೇಕಿಲ್ಲ ಎಂದುಕೊಂಡಳು. "ಕಳಿಸು" ಎಂದಳು.

ಆ ಎರಡು ದಿನ ಅವಳು ಪಾಠ ಮಾಡಿದ್ದು ಮಕ್ಕಳಿಗೂ ಅರ್ಥವಾಗಲಿಲ್ಲ, ಅವಳಿಗೂ ಆಗಲಿಲ್ಲ. ಊಟದ ಡಬ್ಬಿ ಹೋದ ಹಾಗೇ ವಾಪಸು ಬಂದಾಗ ಗಂಡ, "ಇವತ್ತೂ ಡಬ್ಬಿಗೆ ಊರು ತೋರಿಸಿಕೊಂಡು ಬಂದ್ಯಾ?" ಎಂದು ಕೇಳಿದ. ಅವಳು ನಗಲಿಲ್ಲ. ಸಮನಾದ ಸಂಖ್ಯೆಗಳು ಸಮನಾಗಿಯೇ ಉಳಿದವು. ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಹರಿಯಿತು. ಹೇಳಿದ್ದು ಸುಳ್ಳೆಂದು ತೋರಿಸುವ ಗ್ರಾಫೂ ಸಿಗಲಿಲ್ಲ, ನಿಜವೆಂದು ತೋರಿಸುವ ದಾರಿಯೂ ಸಿಗಲಿಲ್ಲ. ಅವಳಿಗೆ ಭಯವಾಗಿತ್ತು. ಭಯಕ್ಕಿಂತ ಹೆಚ್ಚಾಗಿ ನಾಚಿಕೆ.

ಶುಕ್ರವಾರ ಸಂಜೆ ನಾಲ್ಕಕ್ಕೆ, ಮೌಖಿಕ ಪರೀಕ್ಷೆಯ ತಾಲೀಮಿಗೆಂದು ತಂಗಿ ಅವಳನ್ನು ಖಾಲಿ ತರಗತಿಯಲ್ಲಿ ಕೂರಿಸಿಕೊಂಡಳು. ಬೋರ್ಡಿನ ತುಂಬಾ ಬರೆದು, ಮಧ್ಯದಲ್ಲಿ ಅಕ್ಕನ ಫಲಿತಾಂಶಕ್ಕೆ ಒಂದು ಚೌಕ ಹಾಕಿ, ಸೀಮೆಸುಣ್ಣದಿಂದ ಕುಟ್ಟಿದಳು. "ಇದಕ್ಕೆ ಸಾಧನೆ ಕೇಳಿದ್ರೆ ಹೇಳಲ್ಲ. ನಮ್ಮಕ್ಕ ಮಾಡಿದಾಳೆ, ಹೋಗಿ ಓದ್ಕೊಳ್ಳಿ ಅಂತೀನಿ."

ಅವಳ ಮುಖದಲ್ಲಿದ್ದ ಹೆಮ್ಮೆಯನ್ನು ಅಕ್ಕನಿಗೆ ತಡೆಯಲಾಗಲಿಲ್ಲ.

"ಅದು ಸಾಧನೆ ಆಗಿಲ್ಲ ಕಣೇ."

"ತಮಾಷೆ ಮಾಡ್ಬೇಡ."

ಅಕ್ಕ ಎದ್ದು ಬೋರ್ಡಿನ ಮೂಲೆಯಲ್ಲಿ ನಾಲ್ಕು ಸಾಲು ಬರೆದಳು. ತಂಗಿ ಮೊದಲು ಒಪ್ಪಲಿಲ್ಲ, ಅಕ್ಕನ ಪರವಾಗಿ ಅಕ್ಕನ ಜೊತೆಗೇ ವಾದ ಮಾಡಿದಳು. ಕಾಲು ಗಂಟೆಯ ಮೇಲೆ ಮುಂದಿನ ಬೆಂಚಿನಲ್ಲಿ ಕುಸಿದು ಕೂತಳು.

"ಉಳಿದ ಪುಟಗಳನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡಿದೀನಿ. ಇದೊಂದನ್ನ ನೋಡ್ಲಿಲ್ಲ. ನಿಂದು ಅಂತ." ಕೈಗಂಟಿದ ಸೀಮೆಸುಣ್ಣದ ಪುಡಿ ಒರೆಸಿಕೊಂಡು, "ಹೋಗ್ಲಿ ಬಿಡು, ತಪ್ಪು ಯಾರಿಗಾದ್ರೂ ಆಗುತ್ತೆ. ಯಾವಾಗ ಗೊತ್ತಾಯ್ತು?" ಎಂದಳು.

"ಮಂಗಳವಾರ."

ತಂಗಿ ತಲೆಯೆತ್ತಿದಳು. "ಬುಧವಾರ ಕಳಿಸು ಅಂದೆಯಲ್ಲ."

ತಪ್ಪನ್ನು ಕ್ಷಮಿಸಿದ್ದ ಮುಖ ಈಗ ಅಕ್ಕನಿಂದ ಆಚೆ ತಿರುಗಿತು. ತಂಗಿ ಫೋನು ತೆಗೆದು ಮೇಷ್ಟ್ರಿಗೆ ಮಾಡಿದಳು. ಒಂದು ಕಾಲಕ್ಕೆ ಅಕ್ಕನಿಗೂ, ಈಗ ತಂಗಿಗೂ ಮಾರ್ಗದರ್ಶಕರಾದವರು ಅವರೇ.

"ಸರ್, ಪ್ರಬಂಧ ವಾಪಸು ತಗೋಬೇಕು. ಇಪ್ಪತ್ತೆರಡನೇ ಪುಟ. ಹೌದು ಸರ್... ನಾನೇ ಸರಿಯಾಗಿ ನೋಡ್ಕೊಳ್ಳಲಿಲ್ಲ."

ಅಕ್ಕನ ಹೆಸರೆತ್ತಲಿಲ್ಲ. ಇನ್ನೂ ಒಂದು ವರ್ಷ ಹಿಡಿಯುವ ಕೆಲಸವನ್ನು, ಅಕ್ಕನಿಗೆ ಬೀಳಬೇಕಾದ ಬೈಗುಳವನ್ನು, ಹಾಗೇ ತಲೆಯ ಮೇಲೆ ಹೊತ್ತುಕೊಂಡಳು. ಅಕ್ಕ ಇನ್ನೂ ಬಾಯಿ ಮುಚ್ಚಿಕೊಂಡಿದ್ದರೆ ಅವಳ ಕೋಣೆ, ಬಡ್ತಿ, ಎಲ್ಲ ಉಳಿಯುತ್ತಿತ್ತು, ಈ ತಂಗಿಯೊಬ್ಬಳು ಉಳಿಯುತ್ತಿರಲಿಲ್ಲ. ಅಕ್ಕ ಕೈಚಾಚಿ ಫೋನು ತೆಗೆದುಕೊಂಡಳು.

"ಸರ್, ತಪ್ಪು ನಂದು, ನನ್ನ ಹಳೇ ಲೇಖನದ್ದು. ಪತ್ರಿಕೆಯವರಿಗೆ ನಾನೇ ಬರೀತೀನಿ. ಮತ್ತೆ, ನನಗೆ ಇದು ಮೊದಲೇ ಗೊತ್ತಿತ್ತು."

ಮೇಷ್ಟ್ರು ಮೆಲ್ಲಗೆ ಕೇಳಿದರು: "ಅವಳು ಕಳಿಸೋಕೆ ಮುಂಚೇನಾ, ಆಮೇಲಾ?"

ತಂಗಿ ಬೆಂಚಿನಿಂದ ಅವಳನ್ನೇ ನೋಡುತ್ತಿದ್ದಳು.

"ಮುಂಚೆ" ಎಂದಳು ಅಕ್ಕ.