ಬೇಲಿ ಸಾಲಿನ ಸೊಪ್ಪು

ಲಕ್ಷ್ಮೀದೇವಮ್ಮನಿಗೆ ಅನುಮಾನ ಎಂಬುದು ಹುಟ್ಟಿನಿಂದಲೇ ಬಂದದ್ದು. ಗಂಡ ಸಂತೆಯಿಂದ ಬಂದರೆ ಮೊದಲು ಅವನ ಮುಖ ನೋಡಿ, ಆಮೇಲೆ ಚೀಲ ನೋಡುವವಳು. ಮನೆಯಲ್ಲಿ ರೇಷ್ಮೆ ಹುಳ ಮೇಯುವ ದಿನಗಳಲ್ಲಂತೂ ಆ ಅನುಮಾನಕ್ಕೆ ಇನ್ನೆರಡು ಕಣ್ಣು ಹೆಚ್ಚು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಕಿಟಕಿಗೆ ಗೋಣಿತಾಟು ಇಳಿಬಿಟ್ಟು, ಹೊರಗಿನವರ ನೆರಳೂ ಒಳಗೆ ಬೀಳದಂತೆ ಕಾಯುತ್ತಿದ್ದಳು. ಹುಳಕ್ಕೆ ಕಣ್ಣು ತಾಗಿದರೆ ಬೆಳೆ ಹೋಯಿತೆಂದೇ ಲೆಕ್ಕ ಎಂದು ಅತ್ತೆ ಹೇಳಿಕೊಟ್ಟಿದ್ದಳು. ಅತ್ತೆಯ ಮಾತುಗಳಲ್ಲಿ ಅವಳು ನಂಬಿದ್ದು ಅದೊಂದನ್ನೇ.

ಅರವತ್ತೇಳನೇ ಇಸವಿಯ ಆ ವಾರ ವಿಜಯಪುರದ ಹತ್ತಿರದ ಅವರ ಊರಿನ ಶಾಲೆಯಲ್ಲಿ ಗದ್ದಲವೋ ಗದ್ದಲ. ಹೆಡ್‌ಮಾಸ್ಟರ್ ಆವಲಪ್ಪನವರು 'ಶಾಲಾ ಸಪ್ತಾಹ' ಎಂದು ಹೆಸರಿಟ್ಟು ಊರಿಗೆ ಊರನ್ನೇ ಎಬ್ಬಿಸಿ ಕೂರಿಸಿದ್ದರು. ಸೋಮವಾರ ಶ್ರಮದಾನ, ಮಂಗಳವಾರ ಗಿಡ ನೆಡುವುದು, ಬುಧವಾರ ಭಾಷಣ, ಗುರುವಾರ ಪಕ್ಕದೂರಿನವರ ಜೊತೆ ಖೋ ಖೋ, ಶುಕ್ರವಾರ ಸ್ಕೂಲು ಇನ್‌ಸ್ಪೆಕ್ಟರು ಬಂದು ವಸ್ತುಪ್ರದರ್ಶನ ನೋಡುವುದು, ಆಮೇಲೆ ಊರೊಟ್ಟಿನ ಊಟ. ಲಕ್ಷ್ಮೀದೇವಮ್ಮನ ಹಿಪ್ಪುನೇರಳೆ ತೋಟಕ್ಕೂ ಶಾಲೆಗೂ ನಡುವೆ ಒಂದೇ ಬೇಲಿ. ಇಷ್ಟು ಜನ ಅಲ್ಲಿ ಓಡಾಡಿದರೆ ಅವಳ ಜೀವಕ್ಕೆ ನೆಮ್ಮದಿ ಎಲ್ಲಿಯದು?

ಅವಳ ಹುಳ ಆಗತಾನೇ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿತ್ತು. ಇನ್ನು ಏಳೆಂಟು ದಿನ ಹಗಲೂ ಇರುಳೂ ಮೇಯ್ದು ಗೂಡು ಕಟ್ಟಬೇಕು. ಒಂದು ಹೊತ್ತು ಸೊಪ್ಪು ತಪ್ಪಿದರೂ ಗೂಡು ತೆಳ್ಳಗಾಗುತ್ತದೆ. ಈ ಬೆಳೆ ಕೈಗೆ ಬಂದರೆ ಏಳನೇ ಕ್ಲಾಸಿನ ಮಗಳು ಅಂಜಿನಮ್ಮನನ್ನು ವಿಜಯಪುರದ ಹೈಸ್ಕೂಲಿಗೆ ಸೇರಿಸುವುದು, ಇಲ್ಲದಿದ್ದರೆ ಅವಳೂ ಮನೆಯಲ್ಲೇ ಹುಳದ ತಟ್ಟೆ ಹಿಡಿಯುವುದು ಎಂದು ಗಂಡ ಮುನಿವೆಂಕಟಪ್ಪ ಹೇಳಿಬಿಟ್ಟಿದ್ದ. ಅಕ್ಷರದ ಮುಖ ಕಾಣದ ಲಕ್ಷ್ಮೀದೇವಮ್ಮನಿಗೆ ಮಗಳು ಓದಲೇಬೇಕಿತ್ತು. ಆ ಹುಳಗಳ ಮೇಲೆ ಅವಳ ಪ್ರಾಣವೇ ಇತ್ತು.

ಸೋಮವಾರ ಬೆಳಗ್ಗೆ ನೋಡಿದರೆ ಬೇಲಿ ಸಾಲಿನ ಗಿಡಗಳಲ್ಲಿ ಯಾರೋ ಸೊಪ್ಪು ಕಿತ್ತಿದ್ದರು. ಮಂಗಳವಾರವೂ ಹಾಗೇ. ದನ ಮೇಯ್ದದ್ದಲ್ಲ, ದನಕ್ಕೆ ಒಂದೊಂದೇ ಎಲೆಯನ್ನು ತೊಟ್ಟಿನ ಸಮೇತ ಬಿಡಿಸುವ ನಾಜೂಕು ಎಲ್ಲಿಂದ ಬರಬೇಕು?

“ಬೇಲಿ ಹತ್ರ ಯಾರನ್ನಾದ್ರೂ ನೋಡಿದ್ಯೇನೇ?” ಎಂದು ಮಗಳನ್ನು ಕೇಳಿದಳು.

“ನಾನ್ಯಾರ್ನೂ ನೋಡ್ಲಿಲ್ಲಮ್ಮ” ಎಂದು ಅಂಜಿನಮ್ಮ ಜಡೆ ಹೆಣೆದುಕೊಳ್ಳುತ್ತಾ ಓಡಿದಳು.

ನೋಡುವುದೇನು ಬಂತು, ಲಕ್ಷ್ಮೀದೇವಮ್ಮನಿಗೆ ಕಳ್ಳಿ ಗೊತ್ತೇ ಇದ್ದಳು. ಎದುರುಮನೆ ಪಾಪಮ್ಮ! ಅವಳ ಮನೆಯಲ್ಲೂ ಅದೇ ವಯಸ್ಸಿನ ಹುಳ. ಸಪ್ತಾಹದ ಅಡಿಗೆಗೆಂದು ದಿನಾ ಹೊತ್ತಾರೆ ಆ ಬೇಲಿ ಪಕ್ಕದಲ್ಲೇ ನಡೆದುಹೋಗುತ್ತಿದ್ದವಳೂ ಅವಳೇ. ಸಾಲದ್ದಕ್ಕೆ ಮಂಗಳವಾರ ಬಾವಿಯ ಹತ್ತಿರ ಕೇಳದೆಯೇ ಬಾಯಿ ಬಿಟ್ಟಳು.

“ಈ ಸಲ ಸೊಪ್ಪಿಗೆ ಎಲ್ರೂ ಬಾಯ್ ಬಾಯ್ ಬಿಡ್ತಾವ್ರೆ ಕಣಕ್ಕಾ. ನಮಗೇನೋ ದೇವ್ರು ಸಾಕಾಗೋವಷ್ಟು ಕೊಟ್ಟವ್ನೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ಲಕ್ಷ್ಮೀದೇವಮ್ಮ ಕೊಡ ಎತ್ತಿಕೊಂಡು ಬಂದುಬಿಟ್ಟಳು. ಗಂಡನಿಗೂ ಹೇಳಲಿಲ್ಲ. ಅವನು ಪಾಪಮ್ಮನ ಗಂಡ ದೊಡ್ಡಬೀರಪ್ಪನ ಜೊತೆ ಶಾಲೆಯ ಚಪ್ಪರ ಹಾಕಿಕೊಂಡು ತಿರುಗುತ್ತಿದ್ದ. ‘ನಾಕು ಎಲೆ ಕಿತ್ಕೊಳ್ಳೋ’ ಎಂದು ಇವನೇ ಹೇಳಿದ್ದರೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆ ವಾರ ಕಟ್ಟಿಕೊಂಡ ಗಂಡನೂ ಅವಳಿಗೆ ಹಳದಿಯಾಗಿಯೇ ಕಂಡ.

ಮಲೇರಿಯಾದವರು ಊರಿನ ಗೋಡೆಗಳಿಗೆ ಹೊಡೆದು ಮಿಕ್ಕಿಸಿ ಹೋಗಿದ್ದ ಡಿ.ಡಿ.ಟಿ. ಪುಡಿ ಹಿತ್ತಲ ಗೋಡೆಯ ಗೂಡಿನಲ್ಲಿ ಒಂದು ಡಬ್ಬಿ ಇತ್ತು. ಅದು ತಾಕಿದ ಸೊಪ್ಪು ತಿಂದರೆ ರೇಷ್ಮೆ ಹುಳ ಉಳಿಯುವುದಿಲ್ಲ ಎಂಬುದು ಆ ಊರಿನ ಎಳೆಮಕ್ಕಳಿಗೂ ಗೊತ್ತು. ಬುಧವಾರ ಎಲ್ಲರೂ ಭಾಷಣ ಕೇಳುತ್ತಿದ್ದಾಗ ಲಕ್ಷ್ಮೀದೇವಮ್ಮ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಬೇಲಿ ಸಾಲಿನ ಉದ್ದಕ್ಕೂ ತೆಳ್ಳಗೆ ಕೊಡವಿದಳು. ಕದ್ದ ಸೊಪ್ಪು ತಿಂದು ಪಾಪಮ್ಮನ ಹುಳ ಸಾಯಲಿ ಎಂದು ಬಾಯಿಬಿಟ್ಟು ಹೇಳಿಕೊಂಡೇ ಕೊಡವಿದಳು. ಮನೆಯ ಹುಳಕ್ಕೆ ಸೊಪ್ಪು ಕೀಳುವವಳು ತಾನೊಬ್ಬಳೇ, ಆ ಸಾಲು ಬಿಟ್ಟು ಕಿತ್ತರಾಯಿತು ಎಂದುಕೊಂಡಳು. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಸುಮ್ಮನಾದಳು.

ಗುರುವಾರ ಅಂಜಿನಮ್ಮ ಖೋ ಖೋ ಆಟಕ್ಕೆಂದು ಹೊತ್ತಾರೆಯೇ ಗಾಡಿ ಹತ್ತಿದಳು. ಮಧ್ಯಾಹ್ನ ಲಕ್ಷ್ಮೀದೇವಮ್ಮನಿಗೆ ತಡೆಯಲಾಗಲಿಲ್ಲ. ಪಾಪಮ್ಮ ಶಾಲೆಯಲ್ಲಿದ್ದ ಹೊತ್ತು ನೋಡಿ ಅವಳ ಹಿತ್ತಲಿಗೆ ಹೋಗಿ ಕಿಟಕಿಯ ಸಂದಿಯಲ್ಲಿ ಇಣುಕಿದಳು. ಹುಳಗಳು ಸರಸರ ಎಂದು ಮೇಯುತ್ತಿದ್ದವು. ಒಂದೂ ಸತ್ತಿರಲಿಲ್ಲ. ಇವತ್ತು ಕಿತ್ತಿಲ್ಲವೋ, ಇನ್ನೂ ಹಾಕಿಲ್ಲವೋ ಎಂದು ಬಹಳ ಹೊತ್ತು ಅಲ್ಲೇ ನಿಂತಿದ್ದಳು.

ಮನೆಗೆ ಬಂದರೆ ಗಂಡ ಕೈ ಒರೆಸಿಕೊಳ್ಳುತ್ತಿದ್ದ.

“ಎಲ್ಲೋಗಿದ್ದೆ? ಹುಳ ಹಸ್ಕೊಂಡಿದ್ವು. ಚಪ್ಪರಕ್ಕೆ ಹೊತ್ತಾಯ್ತು ಅಂತ ಶಾಲೆ ಕಡೆಯಿಂದ ಬರ್ತಾ ಬೇಲಿ ಸಾಲಲ್ಲೇ ಕಿತ್ಕೊಂಬಂದು ಹಾಕ್ಬಿಟ್ಟೆ ಕಣೆ.”

ಅವಳು ಒಳಗೆ ಓಡಿಹೋಗಿ ತಟ್ಟೆಗಳಿಂದ ಸೊಪ್ಪು ಬಾಚಿ ತೆಗೆದಳು, ಪ್ರಯೋಜನವಾಗಲಿಲ್ಲ. ಹೊತ್ತು ಮುಳುಗುವುದರೊಳಗೆ ಹುಳಗಳು ತಲೆ ಎತ್ತಿ ಆಡಿಸಿ, ಹಸಿರು ಕಕ್ಕಿ, ಒಂದೊಂದಾಗಿ ಮುದುರಿದವು. ಮುನಿವೆಂಕಟಪ್ಪ ತಟ್ಟೆಗಟ್ಟಲೆ ಹೊತ್ತು ತಿಪ್ಪೆಗೆ ಸುರಿದ. “ಯಾವ ಬೋಳಿಮಗನೋ ಏನೋ ಮಾಡವ್ನೆ” ಎಂದು ಊರನ್ನೆಲ್ಲ ಬೈದ. ಅವಳು ಖಾಲಿ ತಟ್ಟೆಗಳನ್ನು ಒಂದರ ಪಕ್ಕ ಒಂದು ಜೋಡಿಸಿಟ್ಟಳು. ಗೆದ್ದು ಬಂದ ಅಂಜಿನಮ್ಮ ಬರಿದಾದ ತಟ್ಟೆಗಳನ್ನು ನೋಡಿ ಅತ್ತು ಅತ್ತು ಮಲಗಿದಳು.

ಶುಕ್ರವಾರ ಮಗಳೇ ಅಮ್ಮನ ಕೈ ಹಿಡಿದು ಪ್ರದರ್ಶನಕ್ಕೆ ಎಳೆದುಕೊಂಡು ಹೋದಳು. ಚಪ್ಪರದ ಮೂಲೆಯಲ್ಲಿ ಒಂದು ಮೊರ, ಮೊರದ ತುಂಬ ದುಂಡು ದುಂಡಾದ ರೇಷ್ಮೆ ಹುಳ. ಎರಡು ಆಗಲೇ ನೂಲು ಬಿಡುತ್ತಿದ್ದವು.

“ನಮ್ಮವೇ ಕಣಮ್ಮ” ಎಂದು ಅಂಜಿನಮ್ಮ ತಲೆ ತಗ್ಗಿಸಿದಳು. “ಅವರವರ ಮನೆ ಕಸುಬು ತೋರ್ಸಿ ಅಂತ ಮೇಷ್ಟ್ರು ಹೇಳಿದ್ರು. ಹೊರಗೆ ಒಯ್ದರೆ ಕಣ್ಣು ಬೀಳುತ್ತೆ ಅಂತ ನೀನು ಬೈತೀಯ, ಅದಕ್ಕೇ ಹೇಳ್ಲಿಲ್ಲ. ಸೊಪ್ಪೂ ದಿನಾ ನಾನೇ ಕಿತ್ತಿದ್ದು.”

ಲಕ್ಷ್ಮೀದೇವಮ್ಮ ಮಗಳ ರಟ್ಟೆ ಹಿಡಿದಳು. “ನಿನ್ನೆ?”

“ನಿನ್ನೆ ಮಗು ಆಟಕ್ಕೆ ಹೋಗಿತ್ತಲ್ಲಕ್ಕಾ” ಎಂದು ಸೌಟು ಹಿಡಿದುಕೊಂಡೇ ಬಂದ ಪಾಪಮ್ಮ ಹೇಳಿದಳು. “ಪಾಪ, ಹಸ್ಕೊಂಡು ತಲೆ ಎತ್ತಿದ್ವು. ನಮ್ಮ ತೋಟದ್ದೇ ತಂದು ಹಾಕ್ದೆ. ನಿಮ್ಮನೇಲಿ ಹಿಂಗಾಯ್ತು ಅಂತ ಕೇಳಿ ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ. ಯಾರು ಮಾಡಿದ್ರೋ, ಅವ್ರ ಕೈ ಸೇದೋಗ!”

ಲಕ್ಷ್ಮೀದೇವಮ್ಮ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಅಷ್ಟರಲ್ಲಿ ಇನ್‌ಸ್ಪೆಕ್ಟರು ಬಂದರು. ಹಿಂದೆ ಊರೇ ಬಂತು. “ಮೇವು ಹಾಕಿ ತೋರ್ಸಮ್ಮ” ಎಂದರು ಆವಲಪ್ಪನವರು. ಅಂಜಿನಮ್ಮ ಬುಟ್ಟಿಯಿಂದ ಒಂದು ಹಿಡಿ ಸೊಪ್ಪು ತೆಗೆದಳು. “ಹೊತ್ತಾರೆ ಬೇಲಿ ಸಾಲಲ್ಲಿ ಕಿತ್ತಿದ್ದು ಸಾರ್” ಎಂದಳು.

“ಹಾಕ್ಬೇಡ ಕಣೇ!”

ಲಕ್ಷ್ಮೀದೇವಮ್ಮ ನುಗ್ಗಿ ಮಗಳ ಕೈಯಿಂದ ಸೊಪ್ಪು ಕಿತ್ತು ನೆಲಕ್ಕೆ ಎಸೆದಳು.

“ಯಾಕೆ?” ಎಂದ ಮುನಿವೆಂಕಟಪ್ಪ.

“ಅದರ ಮೇಲೆ ಡಿ.ಡಿ.ಟಿ. ಐತೆ. ನಾನೇ ಹಾಕಿದ್ದು.”

“ನಮ್ಮ ಗಿಡಕ್ಕೆ ನೀನೇ ಹಾಕಿದ್ಯಾ? ಯಾರಿಗೆ ಅಂತ?”

ಅವಳ ಕಣ್ಣು ಪಾಪಮ್ಮನ ಕಡೆ ಹೊರಳಿಬಿಟ್ಟಿತು. ಇಡೀ ಊರು ಅದನ್ನು ನೋಡಿತು. ಪಾಪಮ್ಮನೂ ನೋಡಿದಳು.

ಪಾಪಮ್ಮ ಸೌಟನ್ನು ಮೇಜಿನ ಮೇಲಿಟ್ಟು ಚಪ್ಪರದಿಂದ ಹೊರಗೆ ನಡೆದಳು. ಇನ್ನು ಈ ಜನ್ಮದಲ್ಲಿ ಅವಳು ತನ್ನ ಮುಖ ನೋಡುವುದಿಲ್ಲ ಎಂದು ಲಕ್ಷ್ಮೀದೇವಮ್ಮನಿಗೆ ಅನ್ನಿಸಿತು. ಹಸಿದ ಹುಳಗಳು ಮೊರದ ಅಂಚಿಗೆ ಬಂದು ತಲೆ ಎತ್ತಿ ಹುಡುಕುತ್ತಿದ್ದವು.

ಸ್ವಲ್ಪ ಹೊತ್ತಿಗೆ ಪಾಪಮ್ಮ ಮಡಿಲ ತುಂಬ ಸೊಪ್ಪು ಕಟ್ಟಿಕೊಂಡು ಬಂದಳು. ಲಕ್ಷ್ಮೀದೇವಮ್ಮನ ಕಡೆ ತಿರುಗಿಯೂ ನೋಡದೆ ಅದನ್ನು ಅಂಜಿನಮ್ಮನ ಕೈಗೆ ಸುರಿದಳು.

“ಹಾಕಮ್ಮ, ಹುಳ ಏನ್ ತಪ್ಪು ಮಾಡವೆ” ಎಂದಳು.