ತಪ್ಪು ನನ್ನದೇ

ಅಕ್ಕನ ಹೆಸರಿನಲ್ಲಿ ಮೆಸೇಜು ಬಂದಾಗ ನಾನು ಯಾರದೋ ಕೆಳದವಡೆಗೆ ಮೇಣ ತುಂಬುತ್ತಿದ್ದೆ. ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬು ನಮ್ಮದು. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಅದಕ್ಕೆ ಹಲ್ಲು ಕೂರಿಸಿ ವಾಪಸು ಕೊಡುತ್ತೇವೆ. ಒಂದು ಕೈಯಲ್ಲಿ ಕಾದ ಚಾಕು, ಇನ್ನೊಂದರಲ್ಲಿ ದವಡೆ ಇತ್ತು. ಆದರೂ ಫೋನಿನ ಮೇಲೆ ‘ಅಕ್ಕ’ ಅಂತ ಕಂಡದ್ದೇ ಎರಡನ್ನೂ ಕೆಳಗಿಟ್ಟೆ.

“ಕ್ಷಮಿಸಿ. ತಪ್ಪು ನನ್ನದೇ.”

ಅಷ್ಟೇ ಇತ್ತು. ನಾವಿಬ್ಬರೂ ಮಾತು ಬಿಟ್ಟು ತಿಂಗಳುಗಳೇ ಆಗಿದ್ದವು. ಕಾರಣ ಹೇಳಿದರೆ ನಗುತ್ತೀರಿ. ಅವಳ ಮನೆ ಸೋಫಾದ ಮೇಲೆ ನಾನು ಬಾಯಿ ಬಿಟ್ಟುಕೊಂಡು ಮಲಗಿದ್ದ ಫೋಟೋವನ್ನು ಅವಳು ಮನೆಮಂದಿಯ ಗ್ರೂಪಿಗೆ ಹಾಕಿದಳು. ಸೋದರಮಾವನಿಂದ ಹಿಡಿದು ಹಾಲುಹಲ್ಲು ಬೀಳದ ಪಿಳ್ಳೆಗಳವರೆಗೆ ಎಲ್ಲರೂ ನಕ್ಕರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಭಾವನ ಗೊರಕೆ ತಡೆಯಲಾರದೆ ತಾನು ಬೇರೆ ಕೋಣೆಯಲ್ಲಿ ಮಲಗುತ್ತೇನೆಂದು ಅವಳು ನನ್ನೊಬ್ಬಳಿಗೇ ಹೇಳಿಕೊಂಡಿದ್ದಳು. ಅದನ್ನು ಎಲ್ಲರ ಮುಂದೆ ಬರೆದು ಗ್ರೂಪಿನಿಂದ ಹೊರಬಿದ್ದೆ.

ಈಗ ಅವಳಾಗಿಯೇ ಸೋತು ಬಂದಿದ್ದಾಳೆ. ‘ಕ್ಷಮಿಸು’ ಅನ್ನದೆ ‘ಕ್ಷಮಿಸಿ’ ಅಂದದ್ದು ಕಣ್ಣಿಗೆ ಬೀಳಲಿಲ್ಲ ಅಂತಲ್ಲ. ಆದರೆ ಅಕ್ಕ ಸಿಟ್ಟು ಬಂದರೆ ಬಹುವಚನಕ್ಕೆ ಏರುವವಳು. “ನೀವು ದೊಡ್ಡವರಾಗಿಬಿಟ್ರಿ” ಅಂತ ಶುರುವಾಯಿತೆಂದರೆ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದೆವು. ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಪಾಪ, ಅಂದುಕೊಂಡೆ.

ಅಷ್ಟರಲ್ಲಿ ಎರಡನೆಯದು ಬಂತು. “ನನ್ನ ಕೋಡ್ ತಪ್ಪಿ ನಿಮ್ಮ ನಂಬರಿಗೆ ಬಂದಿದೆ. ಬೇಗ ಕಳಿಸಿ.”

ನಿಜಕ್ಕೂ ಒಂದು ಕೋಡ್ ಬಂದು ಕೂತಿತ್ತು. ಯಾರಿಗೂ ಹೇಳಬೇಡಿ ಅಂತ ಅದರ ಕೆಳಗೇ ಬರೆದಿತ್ತು. ಅಕ್ಕನೂ ಯಾರೋ ಏನು? ಅವಳು ಬಾಯಿಬಿಟ್ಟು ಏನಾದರೂ ಕೇಳಿದಳಲ್ಲ ಅಂತ ನನಗೆ ಖುಷಿ. ಕಳಿಸಿದೆ. “ಭಾನುವಾರ ಬರ್ಲಾ?” ಅಂತಲೂ ಟೈಪ್ ಮಾಡುತ್ತಿದ್ದೆ. ಅದು ಮುಗಿಯುವ ಮೊದಲೇ ಮೆಸೇಜಿನ ಆಪ್ ನನ್ನನ್ನು ಆಚೆಗೆ ದಬ್ಬಿತು. ಎಷ್ಟು ಒತ್ತಿದರೂ ಒಳಗೆ ಬಿಡಲಿಲ್ಲ.

ಏನೋ ನೆಟ್‌ವರ್ಕ್ ತೊಂದರೆ ಅಂದುಕೊಂಡು ಮೇಣ ಕಾಯಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಲ್ಯಾಬಿನ ಯಜಮಾನರು ಕನ್ನಡಕ ಹಣೆಗೇರಿಸಿಕೊಂಡು ನನ್ನ ಮೇಜಿನ ಹತ್ತಿರ ಬಂದರು.

“ಏನಮ್ಮಾ, ನೀನು ಆಸ್ಪತ್ರೆಯಲ್ಲಿದ್ದೀಯಂತೆ?”

ಅವರ ಫೋನಿನಲ್ಲಿ ನನ್ನ ಹೆಸರು, ನನ್ನ ಫೋಟೋ. ‘ಆಕ್ಸಿಡೆಂಟ್ ಆಗಿದೆ, ಮಾತಾಡಲು ಆಗುತ್ತಿಲ್ಲ, ಅರ್ಜೆಂಟಾಗಿ ದುಡ್ಡು ಕಳಿಸಿ.’

ಕೋಡ್ ಕೇಳಿದ್ದು ಅಕ್ಕನಲ್ಲ, ಅವಳ ಹೆಸರು ಹಿಡಿದ ಯಾರೋ ಕಳ್ಳ; ಈಗ ನನ್ನ ಹೆಸರನ್ನೂ ಹಿಡಿದಿದ್ದ. ನನಗೆ ತಕ್ಷಣ ನೆನಪಾದದ್ದು ಅಮ್ಮ. ಅವಳ ಕಣ್ಣಿನ ಆಪರೇಷನ್ನಿಗೆ ಕೂಡಿಸಿದ್ದ ದುಡ್ಡೆಲ್ಲ ಅವಳ ಖಾತೆಯಲ್ಲೇ ಇತ್ತು. ನಾನು ಆಸ್ಪತ್ರೆಯಲ್ಲಿದ್ದೇನೆ ಅಂದರೆ ತನ್ನ ಕಣ್ಣು ಹೋದರೂ ಹೋಗಲಿ ಅಂತ ಅಷ್ಟನ್ನೂ ಕಳಿಸಿಬಿಡುವವಳು ಅವಳು. ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಇಲ್ಲ. ಅಲ್ಲಿಗೆ ಓಡೋಣವೆಂದರೆ ಊರಿನ ಆ ತುದಿ. ಅಮ್ಮ ಇರುವುದು ಅಕ್ಕನ ಮನೆಯ ಕೆಳಗಿನ ಮಹಡಿಯಲ್ಲಿ. ಅಕ್ಕನಿಗೇ ಮಾಡಬೇಕು, ಬೇರೆ ದಾರಿಯಿಲ್ಲ.

ಮಾಡಿದೆ. ಒಂದು ರಿಂಗೂ ಆಗದೆ ಕಟ್ಟಾಯಿತು. ಅವಳು ನನ್ನ ನಂಬರನ್ನು ಬ್ಲಾಕ್ ಮಾಡಿದ್ದಾಳೆಂದು ಆಗಲೇ ನನಗೆ ಗೊತ್ತಾದದ್ದು. ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಯಜಮಾನರ ಫೋನು ಇಸಿದುಕೊಂಡೆ. ಅವರು ನನ್ನ ಫೋನು ತೆಗೆದುಕೊಂಡು, ಆಪಿಗೆ ಹೊಸದಾಗಿ ಲಾಗಿನ್ ಆಗಿ ಕಳ್ಳನನ್ನು ಓಡಿಸಲು ಹೆಣಗತೊಡಗಿದರು.

“ಅಕ್ಕಾ, ನಾನು. ಅಮ್ಮನ ಹತ್ರ ಓಡು. ದುಡ್ಡು ಕಳಿಸಬೇಡ ಅಂತ ಹೇಳು.”

“ಯಾರ್ರೀ ನೀವು?”

“ನಾನೇ ಕಣೇ, ನಿನ್ನ ತಂಗಿ.”

“ಓಹೋ. ಬೆಳಗ್ಗೆ ನನ್ನ ಅಕೌಂಟ್ ಕದ್ರಿ, ಈಗ ತಂಗಿ ದನಿ ಕದ್ಕೊಂಡು ಬಂದ್ರಾ? ದನೀನೂ ನಕಲು ಮಾಡ್ತಾರೆ ಅಂತ ಪೇಪರಲ್ಲಿ ಓದಿದೀನಿ.”

“ನಿನ್ನ ಅಕೌಂಟ್ ಹೋಗಿರೋದು ನನಗ್ಯಾಕೆ ಹೇಳ್ಲಿಲ್ಲ?”

“ನಮ್ಮನೆಯವರ ಫೋನಿಂದ ಗ್ರೂಪಲ್ಲಿ ಹಾಕ್ಸಿದೀನಿ. ನನ್ನ ತಂಗಿ ಗ್ರೂಪಲ್ಲಿಲ್ಲ, ಅದು ಬೇರೆ ವಿಷಯ.”

ಗೊತ್ತಿಲ್ಲದ ನಂಬರು, ಗಾಬರಿಯ ದನಿ, ಅಮ್ಮನ ದುಡ್ಡಿನ ಮಾತು. ಅವಳ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

“ಬೇಗ ಅಕ್ಕಾ, ದಮ್ಮಯ್ಯ. ಏನು ಬೇಕಾದ್ರೂ ಕೇಳು, ಹೇಳ್ತೀನಿ.”

“ಸರಿ, ಹೇಳಿ ನೋಡೋಣ. ನಾವಿಬ್ಬರೂ ಮಾತು ಬಿಟ್ಟಿದೀವಲ್ಲ, ಅದರಲ್ಲಿ ತಪ್ಪು ಯಾರದು?”

ಅದೇ ನೋಡಿ, ಅಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು. ಒಂದೇ ಉಸಿರಿಗೆ ಹೊರಗೆ ಬಂತು.

“ನಂದೇ ಅಕ್ಕಾ. ತಪ್ಪು ನಂದೇ. ನೀನು ನಂಬಿ ಹೇಳಿದ್ದನ್ನ ನಾನು ಹಾಗೆ ಎಲ್ಲರ ಮುಂದೆ ಆಡಬಾರದಿತ್ತು.”

“ಸಿಕ್ಕಿಬಿದ್ರಿ,” ಅಂದಳು ಅಕ್ಕ. “ನನ್ನ ತಂಗಿ ಪ್ರಾಣ ಹೋದರೂ ಹಾಗನ್ನೋಳಲ್ಲ.”

ಫೋನ್ ಇಟ್ಟಳು.

ನನಗೆ ಭೂಮಿಯೇ ಬಾಯಿಬಿಟ್ಟಂತಾಯಿತು. ಆ ಕಡೆ ಅಮ್ಮ ಇಷ್ಟು ಹೊತ್ತಿಗೆ ಎಲ್ಲಿ ಬೆರಳಿಟ್ಟಿದ್ದಾಳೋ. ಹೆದರಿಕೆಯ ಜೊತೆಗೆ ಕೋಪವೂ ನೆತ್ತಿಗೇರಿತು. ಮತ್ತೆ ಮಾಡಿದೆ. ಅವಳು ಹಲೋ ಅನ್ನಲೂ ಬಿಡಲಿಲ್ಲ.

“ತಪ್ಪು ನಿಂದೇ ಕಣೇ. ಮಲಗಿರೋರ ಫೋಟೋ ತೆಗೆಯೋ ದರಿದ್ರ ಬುದ್ಧಿ ಯಾರಿಗಿರುತ್ತೆ? ಭಾವನ ಗೊರಕೆ ಸುಳ್ಳಾ? ಊರಿಗೆಲ್ಲ ಇನ್ನೊಂದು ಸಲ ಹೇಳ್ತೀನಿ, ಏನ್ ಮಾಡ್ಕೊಳ್ತೀಯೋ ಮಾಡ್ಕೋ.”

“ಅಯ್ಯೋ, ನೀನೇ,” ಅಂದಳು ಅಕ್ಕ.

ಮೆಟ್ಟಿಲ ಮೇಲೆ ಚಪ್ಪಲಿ ಪಟಪಟ ಅಂದದ್ದು ಕೇಳಿಸಿತು. ಬಾಗಿಲು ಬಡಿದದ್ದು ಕೇಳಿಸಿತು. “ಅಮ್ಮಾ, ಆ ಫೋನ್ ಕೊಡಿಲ್ಲಿ.” ಆಮೇಲೆ ಏನೂ ಇಲ್ಲ. ಯಜಮಾನರ ಫೋನು ನನ್ನ ಬೆವರಿಗೆ ಜಾರುತ್ತಿತ್ತು. ದುಡ್ಡು ಹೋಗಿದ್ದರೆ ಅಮ್ಮನ ಕಣ್ಣನ್ನು ನಾನೇ ಕೈಯಾರೆ ಕಳೆದಂತೆ. ಮುಂದೆ ಅವಳ ಮುಖ ಹೇಗೆ ನೋಡಲಿ?

“ಹೋಗಿಲ್ಲ ಕಣೇ,” ಅಕ್ಕ ಏದುಸಿರು ಬಿಡುತ್ತಿದ್ದಳು. “ಊಟ ಮಾಡಿದ್ಯಾ, ಮೊದಲು ಅದು ಹೇಳು ಅಂತ ಆ ಕಳ್ಳನನ್ನೇ ಕೇಳ್ತಾ ಕೂತಿದಾಳೆ. ಫೋನ್ ಬಂದ್ರೆ ಎತ್ತಬೇಡ ಅಂತ ಮೊದಲೇ ಬರೆದಿದ್ನಂತೆ, ಊಟ ಆಯ್ತಮ್ಮಾ ಅಂತ ಈಗ ಬರೆದಿದಾನೆ. ಇವಳು ಪಿನ್ ಒತ್ತೋದೊಂದು ಬಾಕಿ.”

ಹಿಂದಿನಿಂದ ಅಮ್ಮನ ದನಿ ಬಂತು. “ನಿನ್ನ ಹೆಸರಲ್ಲಿ ಕೇಳಿದ್ರೆ ಕೊಡಬೇಡ ಅಂದಿದ್ದೆ ನೀನು. ಇದು ಚಿಕ್ಕವಳ ಹೆಸರಲ್ಲಿ ಬಂದಿತ್ತು.”

ನಾನು ಸ್ಟೂಲಿನ ಮೇಲೆ ಕುಸಿದೆ. ಅಕ್ಕ ಒಂದೇ ಸಮ ಮಾತಾಡುತ್ತಿದ್ದಳು: ಎಲ್ಲರಿಗೂ ಹೇಳಬೇಕು, ಬ್ಯಾಂಕಿಗೆ ಹೇಳಬೇಕು, ಪೊಲೀಸರಿಗೆ ಹೇಳಬೇಕು. ನನಗೆ ಅದೊಂದೂ ತಲೆಗೆ ಹೋಗುತ್ತಿರಲಿಲ್ಲ.

“ಅಕ್ಕಾ, ಮೊದಲನೇ ಸಲ ಫೋನ್ ಮಾಡಿದಾಗ ತಪ್ಪು ನಂದೇ ಅಂದೆನಲ್ಲ.”

“ಹ್ಞೂಂ.”

“ಅದೂ ನಾನೇ.”

ಅವಳು ಅಮ್ಮನ ಫೋನನ್ನು ಎಲ್ಲೋ ಕೆಳಗಿಟ್ಟ ಸದ್ದು ಕೇಳಿಸಿತು.

“ಅದೂ ನೀನೇ ಇರಬಹುದು ಅಂತ,” ಅಂದಳು ಅಕ್ಕ, “ನನಗೆ ಹೊಳೀಲೇ ಇಲ್ಲ ಕಣೇ.”